ಮೂರು ಮೂಲೆಯ ಟೋಪಿ

ಜೆಡ್‌ಬರೋ ಸೆರೆಮನೆ
೯ ಸೆಪ್ಟೆಂಬರ್ ೧೮೫೬

ತಮ್ಮ ಆಡಮ್‌ಗೆ,

ಸ್ಕಾಟ್ಲೆಂಡಿಗೆಲ್ಲ ನೀನು ಲಾರ್ಡ್ ಬಾಲ್‌ಗಾರ್ವಿ. ದೊಡ್ಡಮನೆಯಲ್ಲಿ ಹುಟ್ಟಿದರೂ ನನ್ನಮ್ಮನ ಎದೆಹಾಲು ಕುಡಿದು ನನ್ನ ಜೊತೆ ಬೆಳೆದವನನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಈ ಅಕ್ಷರ ಕಲಿಸಿದವನೂ ನೀನೇ, ತಪ್ಪಿದ್ದರೆ ಹೊಣೆ ನಿನ್ನದೇ.

ಇಪ್ಪತ್ತು ವರ್ಷ ನ್ಯಾಯಪೀಠದಲ್ಲಿ ಕೂತು ಹನ್ನೊಂದು ಜನರನ್ನು ಗಲ್ಲಿಗೆ ಕಳಿಸಿದ್ದೀಯ. ನನ್ನ ಮಗಳು ಜೀನಳ ಕತ್ತು ಹಿಸುಕಿದ ಅವಳ ಗಂಡ ರಾಬ್‌ನನ್ನು ಮಾತ್ರ ಬಿಟ್ಟೆ. ಕಣ್ಣಾರೆ ಕಂಡವರಿಲ್ಲ ಎಂದು ಜ್ಯೂರಿಯವರಿಗೆ ತಿಳಿಹೇಳಿದೆ. ಅವರು ಅಪರಾಧಿ ಎನ್ನಲಿಲ್ಲ, ನಿರಪರಾಧಿ ಎಂದೂ ಅನ್ನಲಿಲ್ಲ, ‘ಸಾಬೀತಾಗಿಲ್ಲ’ ಎಂದುಬಿಟ್ಟರು. ನಮ್ಮ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಹಾಗಂದರೂ ಬಿಡುಗಡೆಯೇ.

ಅಂದಿನಿಂದ ಪ್ರತಿ ಶನಿವಾರ ರಾಬ್ ಸಂತೆಯಲ್ಲಿ ನನ್ನ ಮೀನುಬುಟ್ಟಿಯ ಮುಂದೆ ನಿಂತು, “ಏನತ್ತೆ, ಸಾಬೀತಾಯ್ತಾ?” ಎಂದು ನಗುತ್ತಿದ್ದ. ಮೊನ್ನೆಯೂ ಕೇಳಿದ. ಚೂರಿ ಕೈಯಲ್ಲೇ ಇತ್ತು. ಹೆರಿಂಗ್ ಮೀನು ಸೀಳುವ ಹಾಗೆಯೇ ಕಿಬ್ಬೊಟ್ಟೆಯಿಂದ ಎದೆಯವರೆಗೆ ಎಳೆದೆ.

“ಅಯ್ಯೋ ಅತ್ತೆ!” ಅಂದ.

“ಈಗ ಆಯ್ತು ಕಣೋ” ಅಂದೆ.

ಕರುಳು ನನ್ನ ಬುಟ್ಟಿಗೇ ಬಿತ್ತು. ಸಂತೆಗೆ ಸಂತೆಯೇ ನೋಡಿತು, ಪಾದ್ರಿಯೂ ನೋಡಿದ. ಈ ಸಲ ನಿನಗೆ ಸಾಕ್ಷಿಗಳ ಕೊರತೆಯಾಗದ ಹಾಗೆ ನೋಡಿಕೊಂಡಿದ್ದೇನೆ.

“ತಲೆ ಕೆಟ್ಟಿತ್ತು ಅಂತ ಹೇಳಮ್ಮ, ಉಳ್ಕೋತೀಯ” ಅನ್ನುತ್ತಾನೆ ವಕೀಲ. ನಾನು ಹೇಳುವುದಿಲ್ಲ.

ಮುಂದಿನ ತಿಂಗಳು ನಿನಗೆ ನಿವೃತ್ತಿಯಂತೆ. ಅದಕ್ಕೆ ಮುಂಚೆ ಇಲ್ಲಿಗೆ ಬಾ. ನನ್ನ ಮೊಕದ್ದಮೆಯನ್ನು ಬೇರೆಯವರ ತಲೆಗೆ ಕಟ್ಟಬೇಡ. ಗಲ್ಲುಶಿಕ್ಷೆ ಓದುವಾಗ ಹಾಕಿಕೊಳ್ಳುತ್ತೀಯಲ್ಲ, ಆ ಮೂರು ಮೂಲೆಯ ಟೋಪಿಯನ್ನು ಮರೆಯದೆ ತಾ.

ದಾರಿಯಲ್ಲಿ ಚಳಿ ಜಾಸ್ತಿ. ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಾ.

ನಿನ್ನ ಅಕ್ಕ,
ಇಷಬೆಲ್