ಗಿರಣಿ ಓಣಿಯ ಕೂಸುಹಲಗೆ

ಹುಬ್ಬಳ್ಳಿ, ೨೧೧೯ರ ಹದಿಮೂರನೇ ತಿಂಗಳು, ಒಂಬತ್ತನೇ ತಾರೀಖು
ಮೈಮುನಾ ಸವಣೂರ ಬರೆಯುವುದು

ನೂರು ವರ್ಷ ಹಿಂದಿನ ಹಿರಿಯರಿಗೆ,

ನಮ್ಮ ಓಣಿಯ ಬಾಲವಾಡಿಯ ಏರುಮಡಿಯನ್ನು ಇಂದು ಬೆಳಿಗ್ಗೆ ಕಳಚಲಾಯಿತು. ಅದರ ಒಂದು ಬದಿಯ ಮರದಿಂದ ಡಾಂಬರಿನ ಎಣ್ಣೆ ಮಣ್ಣಿಗೆ ಇಳಿಯುತ್ತಿದೆ ಎಂದು ಮಣ್ಣು ಪರೀಕ್ಷಕಿ ನೀಲಗಂಗಾ ಅಂಗಡಿ ನಿನ್ನೆ ಓಣಿಯ ಸಭೆಗೆ ತಿಳಿಸಿದ್ದರು.

ಹದಿಮೂರನೇ ತಿಂಗಳು ಎಂಬುದು ಕೈತಪ್ಪಲ್ಲ. ವರ್ಷವನ್ನು ನಾವು ಈಗ ಹಾಗೆ ಹಂಚಿಕೊಂಡಿದ್ದೇವೆ. ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಏರುಮಡಿ ಎಂದರೆ ನೆಲದ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ಹೊರಗಿನ ಒಳ್ಳೆಯ ಮಣ್ಣು ತುಂಬಿದ ಪಾತಿ. ಊರಿನ ನೆಲದಲ್ಲಿ ಹಳೆಯ ಕಾರ್ಖಾನೆಗಳ ಕೊಳೆ ಸೇರಿರುವುದರಿಂದ ಸೊಪ್ಪನ್ನು ಹೀಗೇ ಬೆಳೆಯಬೇಕು. ಮರ ಕಡಿಯಲು ಅನುಮತಿಯಿಲ್ಲ. ಆದ್ದರಿಂದ ನೀವು ಬಿಟ್ಟುಹೋದ ಮರವೇ ನಮಗೆ ಗತಿ.

ಕೂಸು ಹುಟ್ಟಿದ ಮನೆಯವರು ತಮ್ಮ ಹಿರಿಯರ ಕಾಲದ ಒಂದು ಹಲಗೆಯನ್ನು ಬಾಲವಾಡಿಯ ಮಡಿಗೆ ಕೊಡುತ್ತಾರೆ. ಅದು ಕೂಸುಹಲಗೆ. ಅದನ್ನು ಬೇಡವೆಂದರೆ ಕೂಸನ್ನೇ ಬೇಡವೆಂದಂತೆ. ಗೆದ್ದಲು ಮುಟ್ಟದ ಮರವಾದರೆ ಶುಭವೆಂದು ಅರಿಸಿನ ಹಚ್ಚಿ ಒಳಗೆ ತರುತ್ತೇವೆ. ಗೆದ್ದಲು ಏಕೆ ಮುಟ್ಟಲಿಲ್ಲ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮ ಓಣಿಯ ವಿರೂಪಾಕ್ಷ ಮಡಿವಾಳರ ಎಂಬಾತ ತನ್ನ ಮಗಳು ಇಳಾಳ ಹೆಸರಿನಲ್ಲಿ ಕೊಟ್ಟದ್ದು ಮುತ್ತಜ್ಜನ ಕೊಟ್ಟಿಗೆಯಲ್ಲಿದ್ದ ದಪ್ಪ ದಿಮ್ಮಿ. ಅದು ರೈಲು ಹಳಿಯ ಕೆಳಗಿನ ಸ್ಲೀಪರ್. ಕೊಳೆಯದಿರಲೆಂದು ನಿಮ್ಮ ಹಿಂದಿನವರು ಅದನ್ನು ಡಾಂಬರಿನ ಎಣ್ಣೆಯಲ್ಲಿ ನೆನೆಸಿದ್ದರು. ಬಿಸಿಲಿಗೆ ಅದು ಕಪ್ಪಗೆ ಜಿನುಗತೊಡಗಿತು.

"ನನ್ನ ಮಗಳ ಹಲಗಿ ಕಸಕ್ಕ ಒಗೀತೀರೇನ್ರೀ?" ಎಂದು ವಿರೂಪಾಕ್ಷ ಸಭೆಯಲ್ಲಿ ಎದ್ದು ನಿಂತ.

"ಮುಂದಿನ ತಿಂಗಳ ಬಾಲವಾಡಿಗೆ ಬರಾಕಿ ಯಾರೋ ತಮ್ಮಾ? ನಿನ್ನ ಇಳಾನ. ಈ ಮಡ್ಯಾಗಿನ ಪಾಲಕ್ ಉಣ್ಣಾಕಿನೂ ಅಕಿನ" ಎಂದರು ನೀಲಗಂಗಾ.

"ಇಷ್ಟು ವರ್ಷ ಒಂದ್ ಗೆದ್ದಲೂ ಹತ್ತಿಲ್ಲ ಅಕ್ಕಾ ಇದಕ್ಕ!"

"ಗೆದ್ದಲಕ್ಕ ಇದ್ದಷ್ಟು ಬುದ್ಧಿ ನಿನಗಿಲ್ಲ ಬಿಡು" ಎಂದಳು ಹಿಂದೆ ಕುಳಿತಿದ್ದ ಅವನ ತಾಯಿ ಗೌರವ್ವ. ಸಭೆ ನಕ್ಕಿತು. ಅವನು ನಗಲಿಲ್ಲ. ಆದರೆ ಇಂದು ಬೆಳಿಗ್ಗೆ ಸಲಾಕೆ ಹಿಡಿದು ಮೊದಲು ಬಂದವನು ಅವನೇ.

ಆ ದಿಮ್ಮಿಯನ್ನು ಕೊಯ್ಯಲಿಲ್ಲ, ಸುಡಲೂ ಇಲ್ಲ. ಅದರ ಹೊಗೆಯೂ ಪುಡಿಯೂ ವಿಷ. ಕೈಗವಸು ಹಾಕಿಕೊಂಡು ಸುತ್ತಿ, ಮಣ್ಣಿನ ಸಮೇತ ವಿಷಕಸದ ಗಾಡಿಗೆ ಹಾಕಲಾಯಿತು. ಪಾಲಕ್ ಕೂಡ ಹೋಯಿತು. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಬಣ್ಣ ಬಳಿದ ಬಾಗಿಲುಗಳನ್ನು ಹೊಸ ಮಡಿಗೆ ತೆಗೆದುಕೊಂಡಿಲ್ಲ. ನಿಮ್ಮ ಸರಕು ಸಾಗಣೆಯ ಪ್ಯಾಲೆಟ್‌ಗಳಿಂದ, ಅಂದರೆ ಸರಕಿನ ಅಡಿಗಿಡುತ್ತಿದ್ದ ಮರದ ಚೌಕಟ್ಟುಗಳಿಂದ, ಉಪಕಾರವಾಗಿದೆ. ಎಚ್‌ಟಿ ಎಂಬ ಮುದ್ರೆಯಿದ್ದರೆ ಬರೀ ಬಿಸಿಯಿಂದ ಹದ ಮಾಡಿದ ಮರ, ಎಂಬಿ ಎಂದಿದ್ದರೆ ವಿಷದ ಹೊಗೆ ಕೊಟ್ಟದ್ದು. ಎಚ್‌ಟಿ ಇದ್ದು, ಮೇಲೆ ಏನೂ ಚೆಲ್ಲಿದ ಕಲೆಯಿಲ್ಲದವನ್ನು ಆರಿಸಿದ್ದೇವೆ. ಮೊಳೆ ಕಿತ್ತು, ಉಳಿದದ್ದೇನಾದರೂ ಇದೆಯೇ ಎಂದು ಅಯಸ್ಕಾಂತ ಆಡಿಸಿದ್ದಾಯಿತು. ಮಕ್ಕಳು ಮಡಿ ಹತ್ತದೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಚಾಚುವಂತೆ ಅಗಲವನ್ನು ಗುರುತು ಮಾಡಿದ್ದೇವೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮರಕ್ಕೆ ಎಣ್ಣೆ, ಬಣ್ಣ, ಔಷಧಿ ಏನೇ ಹಾಕಿದರೂ ಅದರ ಹೆಸರನ್ನು ಮರದ ಮೇಲೇ ಕೊರೆದಿಡಿ. ಮರ ನಿಮಗಿಂತ ಹೆಚ್ಚು ಕಾಲ ಬದುಕುತ್ತದೆ, ಅದನ್ನು ಮುಟ್ಟುವ ಕೈ ಯಾರದೆಂದು ನಿಮಗೆ ತಿಳಿಯುವುದಿಲ್ಲ.

ಇಳಾಳ ಹೆಸರಿನಲ್ಲಿ ವಿರೂಪಾಕ್ಷ ಇನ್ನೊಂದು ಹಲಗೆ ತಂದಿದ್ದಾನೆ, ಅಡುಗೆಮನೆಯ ಬಣ್ಣವಿಲ್ಲದ ಹಲಸಿನ ಕಪಾಟಿನದು. ಈ ಬಾರಿ ಅರಿಸಿನ ಹಚ್ಚುವ ಮೊದಲು ಅವನೇ ಅದನ್ನು ಪರೀಕ್ಷೆಗೆ ಕೊಟ್ಟ. ವರದಿ ಹನ್ನೆರಡನೇ ತಾರೀಖಿಗೆ ಬರುತ್ತದೆ. ಸರಿಯಿದ್ದರೆ ಮರುದಿನ ಮಡಿ ಕಟ್ಟಿ ಪಾಲಕ್ ಬಿತ್ತಲಾಗುವುದು.