ಕೆಂಪೆಳೆಯ ಮೇಲೆ ಫೋಕಸ್

ಭಾಗ್ಯನಗರದ ಸಮಸ್ತ ನೇಕಾರರೇ, ಫೋಟೊಕ್ಕೆ ಬಿಗಿದು ನಿಲ್ಲುವ ಮದುವೆ ಸರದಾರರೇ, ಲಾಲಿಸಿರಿ!

ಅವ್ವಾ, ನೀನೂ ಕೇಳು. ನನ್ನ ಕ್ಯಾಮೆರಾದ ಹೊಸ ಲೆನ್ಸು ಮದುಮಗಳ ಕಣ್ಣು ಬಿಟ್ಟು ಕಿವಿಯೋಲೆಗೆ ಫೋಕಸ್ ಮಾಡುತ್ತಿತ್ತು. ನಾಳೆ ಗಂಗಾವತಿಯಲ್ಲಿ ದೊಡ್ಡ ಮದುವೆ. ಅದಕ್ಕೇ ಲೆನ್ಸು ತಿದ್ದಲೆಂದು, ನೀನು ತೀರಿಹೋದಾಗಿನಿಂದ ಟ್ರಂಕಿನಲ್ಲೇ ಇದ್ದ, ನೀನೇ ನೇಯ್ದ ಪಟ್ಟೆಪಟ್ಟೆ ಸೀರೆಯನ್ನು ಓರೆ ಹಲಗೆಗೆ ಹಾಸಿ, ನಡುವಿನ ಕೆಂಪೆಳೆಗೆ ಗುರಿಯಿಟ್ಟೆ. ಅದರ ಹಿಂದಿನ ಹಳದಿ ಪಟ್ಟೆ ಸ್ಪಷ್ಟ, ಗುರಿಯಿಟ್ಟ ಕೆಂಪು ಮಸುಕು.

“ಏನ್ರಿ, ಸೀರಿಗೂ ಮದುವಿ ಮಾಡ್ತೀರೇನು?” ಎಂದಳು ನಿನ್ನ ಸೊಸೆ.

ಕ್ಯಾಮೆರಾದ ಮೆನುವಿನಲ್ಲಿ ಫೋಕಸನ್ನು ಚೂರುಚೂರೇ ಮುಂದಕ್ಕೆಳೆದೆ. ಕಡೆಗೆ, ಹರಿದ ಕೆಂಪು ನೂಲಿಗೆ ನೀನು ಹಾಕಿದ ಗಂಟೂ ನಿಚ್ಚಳ!

“ಅಬ್ಬಾ, ನಮ್ಮತ್ತಿ ಕೈಯಂದ್ರ ಕೈ!”

ಲೆನ್ಸು ಸರಿಮಾಡಿದವ ನಾನು, ಹೊಗಳಿಕೆ ನಿನಗೆ. ಆದರೂ ಬೀಗಿದವ ನಾನೇ.

ಖರೆ ಹೇಳಲಾ? ಈ ಪರೀಕ್ಷೆಗೆ ಓರೆಯಾಗಿಟ್ಟ ಸಾಲಿ ಹುಡುಗರ ಅಳತೆಪಟ್ಟಿಯೇ ಸಾಕಿತ್ತು. ನಿನ್ನ ಸೀರೆಯನ್ನು ಟ್ರಂಕಿನಿಂದ ತೆಗೆಯಲು ನನಗೊಂದು ನೆವ ಬೇಕಿತ್ತು, ಅವ್ವಾ.