ಹೊಡೆಯುವುದೊಂದನ್ನೇ ಕಲಿಸಿದವಳು

ಭಾನುವಾರ, ನವೆಂಬರ್ ೧೪

ಪ್ರೀತಿಯ ಮಿಡತೆ,

ಹನ್ನೊಂದು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಆರೋಗ್ಯವಾಗಿಯೇ ಇದ್ದೇನೆ. ಮಂಡಿಗಳು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ.

ಕಳೆದ ವಾರ ಔಷಧದ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ ನಿನ್ನನ್ನು ನೋಡಿದೆ. ನೀನು ಅಲ್ಲಿ ಕೆಲಸಕ್ಕಿರುವುದನ್ನು ನಿಮ್ಮಮ್ಮ ಹೇಳಿದ್ದರು. ರಜೆಯ ದಿನ ಹನ್ನೆರಡು ಹುಡುಗಿಯರಿಗೆ ಹಾಕಿ ಆಟ ಕಲಿಸುತ್ತೀಯೆಂದು ಹೇಳಿರಲಿಲ್ಲ. ಗೇಟಿನ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಬಾರಿಸಿದ ಚೆಂಡು ಗೋಡೆಗೆ ಬಡಿದ ಸದ್ದಿಗೆ ನಾನು ಗೇಟಿಗೆ ಇನ್ನೂ ಹತ್ತಿರ ಸರಿದೆ. ಥೇಟ್ ನಿನ್ನ ಹೊಡೆತ. ನಾನಾಗಿದ್ದರೆ ಆ ಕ್ಷಣವೇ ಅವಳನ್ನು ಗುಂಪಿನಿಂದ ಬೇರೆ ಮಾಡುತ್ತಿದ್ದೆ. ನೀನು ಅವಳ ಕಾಲಿಗೆ ಪ್ಯಾಡು ಕಟ್ಟಿ ಗೋಲ್‌ಕೀಪರ್ ಮಾಡಿ ನಿಲ್ಲಿಸಿದೆ. "ಹೊಡೆಯೋದು ನಿಂಗೆ ಬರುತ್ತೆ. ಎದುರು ನಿಂತೋರ ಪಾಡೂ ಸ್ವಲ್ಪ ನೋಡು" ಅಂತ ನೀನು ಹೇಳಿದ್ದು ನನಗೆ ಕೇಳಿಸಿತು. ಅವಳು ಮೂತಿ ಊದಿಸಿದಳು. ನಾನು ಒಳಗೆ ಬರದೆ ಹೊರಟುಬಿಟ್ಟೆ.

ನೀನು ನನ್ನ ಶಾಲೆಯ ಮೈದಾನಕ್ಕೆ ಮಿಡತೆಯ ಹಾಗೆ ಜಿಗಿಯುತ್ತ ಬಂದಾಗ ನಿನಗೆ ಹದಿಮೂರು ವರ್ಷ. ಚಪ್ಪಲಿ ಕೈಯಲ್ಲಿ, ಸ್ಟಿಕ್ಕು ಅಣ್ಣನದ್ದು. ಚೆಂಡು ತಡೆಯಲು ಬಾರದು, ಪಾಸ್ ಕೊಡಲು ಬಾರದು. ಹೊಡೆದರೆ ಮಾತ್ರ ಗೋಲಿನ ಹಲಗೆ ನಡುಗಬೇಕು. ನನಗೆ ಅಷ್ಟೇ ಸಾಕಾಯಿತು. ಉಳಿದವರು ಅಡ್ಡಗಟ್ಟುವುದನ್ನು, ಹಿಂದೆ ಓಡಿ ಬಂದು ಕಾಯುವುದನ್ನು ಕಲಿಯುತ್ತಿದ್ದಾಗ ನಿನ್ನೆದುರು ನೂರು ಚೆಂಡು ಸುರಿಯುತ್ತಿದ್ದೆ. "ಟೀಚರ್, ನಾನೂ ಅವರ ಜೊತೆ ಆಡ್ಲಾ?" ಎಂದು ಕೇಳುತ್ತಿದ್ದೆ ನೀನು. "ಅದೆಲ್ಲ ನಿಂಗ್ಯಾಕೆ? ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲು ಹೊಡಿ, ಮಿಕ್ಕಿದ್ದು ಅವ್ರು ನೋಡ್ಕೋತಾರೆ" ಎಂಬುದೇ ನನ್ನ ಉತ್ತರ.

ಗಣಿತದ ಮೇಷ್ಟ್ರು ಒಮ್ಮೆ ನನ್ನ ಕೋಣೆಗೇ ಬಂದಿದ್ದರು. "ದಿನಕ್ಕೊಂದು ಗಂಟೆ ಬಿಟ್ಟುಕೊಡಿ, ಹುಡುಗಿ ಪಾಸಾಗ್ತಾಳೆ" ಅಂದರು. "ಲೆಕ್ಕ ಹಾಕೋಕೆ ಸ್ಕೋರ್ ಬೋರ್ಡ್ ಇದೆಯಲ್ಲ ಸಾರ್" ಎಂದು ಚಟಾಕಿ ಹಾರಿಸಿದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಬಾಗಿಲ ಬಳಿ ನಿಂತಿದ್ದ ನೀನೂ. ಆ ವರ್ಷ ನೀನು ಫೇಲಾದೆ, ಶಾಲೆ ಕಪ್ ಗೆದ್ದಿತು. ಬೆನ್ನು ನೋವೆಂದು ನೀನು ಹೇಳಿದಾಗಲೂ ಮುಲಾಮಿನ ಟ್ಯೂಬು ಕೊಟ್ಟು ಮತ್ತೆ ಚೆಂಡು ಸುರಿದವಳು ನಾನು.

ದೇಶದ ಕಿರಿಯರ ತಂಡದ ಆಯ್ಕೆಯ ದಿನ ನಿನ್ನ ಮೊದಲೆರಡು ಹೊಡೆತಕ್ಕೆ ಆಯ್ಕೆಗಾರರು ಎದ್ದುನಿಂತಿದ್ದರು. ಆಮೇಲೆ ಆಟಕ್ಕಿಳಿಸಿದರು. ಎದುರಾಳಿ ಚೆಂಡು ತಂದಳು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನೀನು ನನ್ನತ್ತ ನೋಡಿದೆ. ನಾನು ಬೂಟಿನ ಲೇಸು ಬಿಗಿಯುವವಳಂತೆ ಬಗ್ಗಿದೆ. ಲೇಸು ಸರಿಯಾಗಿಯೇ ಇತ್ತು ಕಣೇ.

ಬಸ್ಸಿನಲ್ಲಿ, "ನಂದೇ ತಪ್ಪು ಅಲ್ವಾ ಟೀಚರ್?" ಎಂದು ಕೇಳಿದೆ ನೀನು. "ಅದೃಷ್ಟ ಇರ್ಲಿಲ್ಲ ಬಿಡು" ಅಂದೆ ನಾನು. ಮರುವರ್ಷ ನಿನ್ನ ಬೆನ್ನು ಕೈಕೊಟ್ಟಿತು. ನಾನು ಇನ್ನೊಬ್ಬ ಹೊಡೆತಗಾರ್ತಿಯನ್ನು ಹುಡುಕಿಕೊಂಡೆ. ಒಮ್ಮೆಯೂ ನಿನ್ನನ್ನು ನೋಡಲು ಬರಲಿಲ್ಲ.

ಕ್ಷಮಿಸು ಎಂದು ಬರೆದು ಎರಡು ಸಲ ಅಳಿಸಿದೆ. ಕೇಳುವ ಬಾಯಿ ನನಗಿಲ್ಲ. ಮನೆಯಲ್ಲಿ ಎಂಟು ಒಳ್ಳೆಯ ಸ್ಟಿಕ್ಕುಗಳಿವೆ. ನಿನ್ನ ಹುಡುಗಿಯರಿಗೆ ಬೇಕಿದ್ದರೆ ಗೇಟಿನ ಹತ್ತಿರ ಇಟ್ಟುಹೋಗುತ್ತೇನೆ.

ಇಂತು,
ನಿನ್ನ ಸೀಟಿ ಟೀಚರ್
(ಬೆನ್ನ ಹಿಂದೆ ನೀವೆಲ್ಲ ಹಾಗೆ ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು.)

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಆಯ್ಕೆ ಮುಗಿದ ಮೂರನೇ ದಿನ ಆಯ್ಕೆಗಾರರಲ್ಲಿ ಹಿರಿಯಾಕೆ ನನಗೆ ಫೋನ್ ಮಾಡಿದ್ದರು. "ಹುಡುಗಿ ಇನ್ನೂ ಹಸಿ. ಆರು ತಿಂಗಳು ನಮ್ಮ ಶಿಬಿರಕ್ಕೆ ಕಳಿಸಿ, ಪೂರ್ತಿ ಆಟ ಕಲಿಸ್ತೀವಿ. ಓದೂ ಇಲ್ಲೇ, ಬೆನ್ನು ನೋಡೋಕೆ ಡಾಕ್ಟರೂ ಇದ್ದಾರೆ" ಅಂದರು. ನಮ್ಮ ಶಾಲೆಯ ಫೈನಲ್‌ಗೆ ಇಪ್ಪತ್ತು ದಿನ ಉಳಿದಿತ್ತು. "ಅವಳ ತಾಯಿ ಒಪ್ಪಲ್ಲ" ಅಂದುಬಿಟ್ಟೆ. ನಿಮ್ಮಮ್ಮನನ್ನು ನಾನು ಕೇಳಲೇ ಇಲ್ಲ. ಈಗಲೂ ರಸ್ತೆಯಲ್ಲಿ ಸಿಕ್ಕರೆ ಅವರು ನನ್ನ ಕೈ ಹಿಡಿದು, "ನನ್ನ ಮಗಳಿಗೆ ನೀವು ಮಾಡಿದ್ದನ್ನ ಮರೆಯಲ್ಲಮ್ಮ" ಅನ್ನುತ್ತಾರೆ. ಇದನ್ನು ಅವರಿಗೂ ಓದಿ ಹೇಳು.